ಇಲ್ಲ ಎಂಬ ಕೆಂಪು ಬಟ್ಟೆ

ವಿಶಾಖಪಟ್ಟಣದ ಋಷಿಕೊಂಡದ ಮೇಲಿರುವ ನಮ್ಮ ಕಚೇರಿಯಲ್ಲಿ ತೆಲುಗಿನವರೆಲ್ಲ ದಿನಬೆಳಗಾದರೆ ಒಂದು ಕನ್ನಡ ಪದ ಬಳಸುತ್ತಾರೆ. ಅದು ಕನ್ನಡವೆಂದು ಹೊಸದಾಗಿ ಸೇರಿದವರಿಗೆ ಗೊತ್ತೂ ಇಲ್ಲ. "ನಿನ್ನ ಫೈಲಿನಲ್ಲಿ ಇನ್ನೂ ಇಲ್ಲಾಗಳು ಉಳಿದಿವೆ, ಮೊದಲು ಅವನ್ನು ಮುಗಿಸು" ಎಂದು ಅಚ್ಚ ತೆಲುಗಿನಲ್ಲಿ ಒಬ್ಬರನ್ನೊಬ್ಬರು ಬೈಯುತ್ತಾರೆ, ನಡುವೆ ಆ ಒಂದು ಪದ ಮಾತ್ರ ನಮ್ಮದು. ಅದನ್ನು ಅಲ್ಲಿಗೆ ತಂದವಳು ಗದಗಿನ ಹೇಮಾಕ್ಷಿ. ನಾನು ಕರೆಯುವುದು ಹೇಮಕ್ಕ ಎಂದು.

ನನ್ನ ಹೆಸರು ಐಶ್ವರ್ಯಾ, ಊರು ಮೈಸೂರು. ಕಚೇರಿಯಲ್ಲಿ ಬೇರೆಯವರು ಬರೆದ ಪ್ರೋಗ್ರಾಂಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ಇನ್ನೊಬ್ಬರ ತಪ್ಪು ಹುಡುಕುವುದೇ ಹೊಟ್ಟೆಪಾಡಾದ್ದರಿಂದ ನಾನು ಯಾರನ್ನೂ ಸುಲಭಕ್ಕೆ ಹೊಗಳುವವಳಲ್ಲ. ಹೇಮಕ್ಕನನ್ನು ಮಾತ್ರ ಹೊಗಳುತ್ತೇನೆ. ಕೇಳುವವರಿಗೆ ಸಾಕಪ್ಪಾ ಅನ್ನಿಸಿದರೂ ಹೊಗಳುತ್ತೇನೆ.

ಹೇಮಕ್ಕನ ಗಂಡ ದಿನಕರ ಬ್ಯಾಂಕ್ ಆಫೀಸರ್. ಒಳ್ಳೆಯ ಮನುಷ್ಯ, ಮಾತು ಕಡಿಮೆ, ಹೆಂಡತಿ ಮಾಡಿದ ರೊಟ್ಟಿಯನ್ನು ತಟ್ಟೆಗೆ ತಾವೇ ತಂದುಕೊಳ್ಳುವಂಥವರು. ಆದರೆ ಬ್ಯಾಂಕಿನವರ ಸಂಸಾರ ಹೇಗೆಂದು ಎಲ್ಲರಿಗೂ ಗೊತ್ತಲ್ಲ. ಗಂಡನಿಗೆ ವರ್ಗದ ಆದೇಶ ಬಂದರೆ ಹೆಂಡತಿ ರಾಜೀನಾಮೆ ಬರೆಯಬೇಕು. ಹೇಮಕ್ಕ ಹುಬ್ಬಳ್ಳಿಯಲ್ಲಿ ಒಂದು ಕೆಲಸ ಬಿಟ್ಟಳು. ವಿಜಯವಾಡದಲ್ಲಿ ಇನ್ನೊಂದು ಹಿಡಿದಳು, ಅದನ್ನೂ ಬಿಟ್ಟಳು. ಹೋದಲ್ಲೆಲ್ಲ ಮೊದಲಿಂದ ಶುರು, ಹೋದಲ್ಲೆಲ್ಲ ಗುತ್ತಿಗೆ ಕೆಲಸ. ತನಗಿಂತ ಚಿಕ್ಕವರ ಕೈಕೆಳಗೆ ಕೂತು, ಅವರು ತಪ್ಪು ಹೇಳಿದಾಗಲೂ ನಗುತ್ತಲೇ ಸರಿ ಮಾಡಿಕೊಂಡು ಬಂದವಳು. ಅವಳ ಜಾಗದಲ್ಲಿ ನಾನಿದ್ದಿದ್ದರೆ ವಿಜಯವಾಡದಲ್ಲೇ ಯಾರದಾದರೂ ತಲೆಯ ಮೇಲೆ ಕೀಬೋರ್ಡ್ ಕುಟ್ಟಿರುತ್ತಿದ್ದೆ.

ವಿಜಯವಾಡದ ಕೆಲಸ ಇದ್ದದ್ದು ಆಟೋನಗರದಲ್ಲಿ. ಸುತ್ತ ಲಾರಿ ರಿಪೇರಿ ಮಾಡುವ ಶೆಡ್ಡುಗಳು, ಸುತ್ತಿಗೆ ಸದ್ದು, ಗ್ರೀಸಿನ ವಾಸನೆ. ಅದರ ನಡುವೆ ಒಂದು ಮಹಡಿಯ ಮೇಲೆ, ಬ್ರೇಕ್ ಪರೀಕ್ಷಿಸುವ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವ ಸಣ್ಣ ಕಚೇರಿ. ಅಲ್ಲಿನ ಕಿಟಕಿಯಿಂದ ಹೇಮಕ್ಕ ಒಂದು ಪದ್ಧತಿ ಗಮನಿಸಿದಳು. ಬ್ರೇಕ್ ಬಿಚ್ಚಿಟ್ಟ ಲಾರಿಯ ಸ್ಟಿಯರಿಂಗಿಗೆ ಮೆಕ್ಯಾನಿಕ್ಕುಗಳು ಒಂದು ಕೆಂಪು ಬಟ್ಟೆ ಕಟ್ಟುತ್ತಿದ್ದರು. ಗಾಡಿ ಹೊರಗಿನಿಂದ ಎಷ್ಟೇ ಚೆನ್ನಾಗಿ ಕಾಣಲಿ, ಚಾಲಕ ಹತ್ತಿ ಕೂತ ಕೂಡಲೇ ಕೈಗೆ ಬಟ್ಟೆ ಸಿಗಬೇಕು. ಆ ಬಟ್ಟೆ ಬಿಚ್ಚುವ ಹಕ್ಕು ಬ್ರೇಕ್ ಹಾಕಿದವನಿಗೆ ಮಾತ್ರ. ಮಾಲೀಕನೇ ಬಂದರೂ ಅದನ್ನು ಮುಟ್ಟುವಂತಿರಲಿಲ್ಲ. ಈ ಪದ್ಧತಿ ಹೇಮಕ್ಕನ ಮನಸ್ಸಿನಲ್ಲಿ ಎಷ್ಟು ಕೂತುಬಿಟ್ಟಿತೆಂದರೆ, ಮುಂದೆ ಅವಳು ಬರೆದ ಪ್ರತಿಯೊಂದು ಪ್ರೋಗ್ರಾಮಿಗೂ ಅದೇ ಬಟ್ಟೆ ಕಟ್ಟತೊಡಗಿದಳು.

ಈ ಕೆಲಸ ತಿಳಿಯದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಪ್ರೋಗ್ರಾಂ ಬರೆಯುವಲ್ಲಿ ಇಂಟರ್‌ಫೇಸ್ ಎಂಬ ಒಂದು ಕರಾರು ಇರುತ್ತದೆ. ನೀನು ಅನಿಲ ಪತ್ತೆ ಮಾಡುವ ಸಾಧನ ಅನ್ನಿಸಿಕೊಳ್ಳಬೇಕಾದರೆ ಅನಿಲ ಅಳೆಯಲು ಬರಬೇಕು, ಮಿತಿ ಮೀರಿದರೆ ಸೈರನ್ ಕೂಗಿಸಲು ಬರಬೇಕು, ನೀನೇ ಕೆಟ್ಟರೆ ಕೆಟ್ಟಿದ್ದೇನೆ ಎಂದು ಹೇಳಲೂ ಬರಬೇಕು. ಇದರಲ್ಲಿ ಒಂದು ಕೆಲಸ ಬರೆಯದೆ ಬಿಟ್ಟರೂ ಕಂಪ್ಯೂಟರ್ ಕೆಂಪು ಗೆರೆ ಎಳೆದು ಹಟ ಹಿಡಿಯುತ್ತದೆ. ಆಗ ಪಕ್ಕದಲ್ಲಿ ಒಂದು ಹಳದಿ ಬಲ್ಬಿನ ಚಿತ್ರ ಮೂಡುತ್ತದೆ. ಅದನ್ನು ಒತ್ತಿದರೆ ಸಾಕು, ಬಿಟ್ಟುಹೋದ ಕೆಲಸಗಳನ್ನೆಲ್ಲ ಅದೇ ಬರೆದುಕೊಡುತ್ತದೆ. ಆದರೆ ಹೆಸರಷ್ಟೇ, ಒಳಗೆ ಏನೂ ಇರುವುದಿಲ್ಲ. ಇದಕ್ಕೆ ಸ್ಟಬ್ ಅನ್ನುತ್ತಾರೆ. ಮದುವೆ ಮನೆಯಲ್ಲಿ ಎಲೆ ಹಾಕಿ ನೀರು ಚಿಮುಕಿಸಿ ಹೋಗಿರುತ್ತಾರೆ, ಬಡಿಸುವವರು ಇನ್ನೂ ಬಂದಿರುವುದಿಲ್ಲವಲ್ಲ, ಹಾಗೆ. ಕೆಂಪು ಗೆರೆ ಹೋಗುತ್ತದೆ, ಬರೆಯುವವರು ಕಾಫಿಗೆ ಏಳುತ್ತಾರೆ.

ಖಾಲಿ ಎಲೆಯಿಂದ ತೊಂದರೆ ಏನೂ ಇಲ್ಲ. ಊಟ ಆಯಿತೇ ಎಂದು ಕೇಳಿದರೆ ಆ ಎಲೆ ಏನು ಹೇಳುತ್ತದೆ ಎನ್ನುವುದರಲ್ಲಿ ತೊಂದರೆ. ಅದು ಏನು ಹೇಳಬೇಕೆಂದು ಮೊದಲೇ ಅಚ್ಚು ಹಾಕಿಡಬಹುದು. ನಮ್ಮ ಕಚೇರಿಯ ಅಚ್ಚು ಹಾಕಿದವರು ಮ್ಯಾನೇಜರ್ ದಕ್ಷಿಣಾಮೂರ್ತಿ. ಅವರ ಅಚ್ಚಿನಲ್ಲಿ ಖಾಲಿ ಕೆಲಸ ಯಾವಾಗಲೂ "ಸರಿ" ಅನ್ನುತ್ತಿತ್ತು. ಸೈರನ್ ಕೂಗಿತೇ? ಸರಿ. ಸಾಧನ ಚೆನ್ನಾಗಿದೆಯೇ? ಸರಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಹೀಗಿದ್ದರೆ ಗಿರಾಕಿಗಳ ಮುಂದೆ ಡೆಮೋ ಮಾಡುವಾಗ ಏನೂ ನಿಲ್ಲುವುದಿಲ್ಲ, ಪರದೆಯೆಲ್ಲ ಹಸಿರಾಗಿರುತ್ತದೆ ಎಂಬುದು ಅವರ ಲೆಕ್ಕಾಚಾರ. ಅವರು ಕೆಟ್ಟವರಲ್ಲ. ಡೆಮೋ ಕೆಟ್ಟರೆ ತಿಂಗಳುಗಟ್ಟಲೆ ಮೇಲಿನವರ ಮಾತು ಕೇಳಬೇಕಾದವರು ಅವರೇ. ಆದರೂ ನನಗೆ ಅವರ ಹಸಿರು ಕಂಡರೆ ಆಗುತ್ತಿರಲಿಲ್ಲ.

ಹೇಮಕ್ಕ ನಮ್ಮ ಕಚೇರಿಗೆ ಬಂದ ಹೊಸದರಲ್ಲೇ ತನ್ನ ಕಂಪ್ಯೂಟರಿನ ಅಚ್ಚು ಬದಲಿಸಿಕೊಂಡಳು. ಅವಳ ಸ್ಟಬ್ಬನ್ನು ಯಾರಾದರೂ ಓಡಿಸಿದರೆ ಪ್ರೋಗ್ರಾಂ ಅಲ್ಲೇ ನಿಂತು ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ILLA ಎಂದು ತೋರಿಸುತ್ತಿತ್ತು. ಇಂಗ್ಲಿಷಿನಲ್ಲೇ ಬರೆಯಬಹುದಿತ್ತಲ್ಲ ಅಂದೆ.

"ಇಂಗ್ಲಿಷಿನಾಗ ಎಲ್ಲಾರೂ ಬರದ್ ಬರದ್ ಅದು ಸವದು ಹೋಗೇತವಾ. ಟೂಡೂ, ಅಂದ್ರ ಮಾಡೂದೈತಿ ಅಂತ ಬರದಿದ್ದು ಊರ ತುಂಬ ಬಿದ್ದಾವ, ಯಾರರ ಓದ್ತಾರೇನು? ಇಲ್ಲ ಅನ್ನೂದು ನಂದೊಬ್ಬಾಕಿದಽ. ಹುಡುಕಿದ್ರ ಪಟ್ಟನ ಸಿಗತೇತಿ. ಬರದಿಲ್ಲ ಅಂದಮ್ಯಾಲೆ ಬರದಿಲ್ಲ ಅಂತ ಒದರಬೇಕು, ಸುಮ್ಕ ಹೂಂ ಅಂದ್ರ ಹೆಂಗ?"

ಒದರಿತು ಅದು, ನಿಜವಾಗಲೂ ಒದರಿತು. ಒಂದು ದಿನ ಗಿರಾಕಿಗಳನ್ನು ಕೂರಿಸಿಕೊಂಡು ದಕ್ಷಿಣಾಮೂರ್ತಿಯವರು ಡೆಮೋ ತೋರಿಸುತ್ತಿದ್ದಾಗ ಗೋಡೆಯಗಲದ ಪರದೆಯ ಮೇಲೆ ILLA ಎಂದು ಬಂದು ನಿಂತುಬಿಟ್ಟಿತು. ನಾನು ಬಾಯಿಗೆ ದುಪಟ್ಟಾ ಅಡ್ಡ ಹಿಡಿದುಕೊಂಡೆ. ಗಿರಾಕಿಗಳು ಹೋದ ಮೇಲೆ ಅವರು ಹೇಮಕ್ಕನನ್ನು ಕರೆಸಿ, ಮನೆಯ ಭಾಷೆ ಮನೆಯಲ್ಲಿರಲಿ, ಕಚೇರಿಯ ಅಚ್ಚು ಕಚೇರಿಯದೇ ಇರಲಿ ಎಂದರು. ಹೇಮಕ್ಕ ಒಪ್ಪಲಿಲ್ಲ.

"ನಮ್ಮ ಸಿಂಹಾಚಲಂ ಅಪ್ಪನ್ನ ಸ್ವಾಮಿ ವರ್ಷಪೂರ್ತಿ ಗಂಧದಾಗ ಮುಚ್ಚಿಕೊಂಡಿದ್ರೂ ಒಂದು ದಿನ ಅದನ್ನ ತಗದು ನಿಜರೂಪ ತೋರಸ್ತಾನ್ರೀ ಸರ್. ನಮ್ಮ ಡೆಮೋ ಆ ಒಂದು ದಿನಾನೂ ತೋರಸೂದಿಲ್ಲ" ಎಂದು ತೆಲುಗಿನಲ್ಲಿ ಅವರಿಗೂ, ಆಮೇಲೆ ಗದಗಿನ ಕನ್ನಡದಲ್ಲಿ ನನಗೂ ಹೇಳಿದಳು. ದಕ್ಷಿಣಾಮೂರ್ತಿಯವರಿಗೂ ನಗು ಬಂತು. ಕೊನೆಗೆ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂತೆ ಒಂದು ರಾಜಿಯಾಯಿತು. ಸ್ಟಬ್ ಕಚೇರಿಯ ಅಚ್ಚಿನ ಪ್ರಕಾರ "ಸರಿ" ಅನ್ನಲಿ. ಅದರ ತಲೆಯ ಮೇಲೆ, ಬರೆಯುವವರ ಕಣ್ಣಿಗೆ ಮಾತ್ರ ಬೀಳುವ ಹಾಗೆ, ಹೇಮಕ್ಕ ತನ್ನ ILLA ಎಂಬ ಗುರುತು ಹಾಕಿಕೊಳ್ಳಲಿ. ಗಿರಾಕಿಗೆ ಒಪ್ಪಿಸುವ ಮೊದಲು ಗುರುತು ಹುಡುಕಿ ಹುಡುಕಿ ಎಲ್ಲವನ್ನೂ ತುಂಬಲಿ.

ಆ ವರ್ಷವೇ ಅಚ್ಯುತಾಪುರದ ಕೆಲಸ ಬಂತು. ಅಲ್ಲಿನ ಕಾರ್ಖಾನೆಗಳ ಸಾಲಿನಲ್ಲಿ ಔಷಧದ ಪುಡಿ ಮಾಡುವ ಒಂದು ಕಾರ್ಖಾನೆ ಹೊಸ ಶೆಡ್ ಕಟ್ಟಿಸಿತ್ತು. ಒಳಗೆ ಸುಲಭಕ್ಕೆ ಬೆಂಕಿ ಹತ್ತಿಕೊಳ್ಳುವ ದ್ರಾವಣದ ಟ್ಯಾಂಕುಗಳು. ಆವಿ ಹೆಚ್ಚಾದರೆ ಗೋಡೆಯ ಮೇಲಿನ ಸಾಧನಗಳು ಪತ್ತೆ ಮಾಡಬೇಕು, ನಮ್ಮ ಪ್ರೋಗ್ರಾಂ ತಕ್ಷಣ ಸೈರನ್ ಕೂಗಿಸಬೇಕು, ಒಳಗಿರುವ ಹೆಣ್ಣುಮಕ್ಕಳು ಹೊರಗೆ ಓಡಬೇಕು. ಇದಿಷ್ಟೇ ಕೆಲಸ. ಇದು ಹೇಳಿದ ದಿನಕ್ಕೆ ಮುಗಿದರೆ ಹೇಮಕ್ಕನನ್ನು ಕಾಯಂ ಮಾಡಿಕೊಳ್ಳುತ್ತೇವೆ ಎಂದು ದಕ್ಷಿಣಾಮೂರ್ತಿಯವರು ಎಲ್ಲರೆದುರೇ ಹೇಳಿದರು.

ಕಾಯಂ ಎಂಬ ಮಾತು ಬೇರೆಯವರಿಗೆ ಏನೋ, ಹೇಮಕ್ಕನಿಗೆ ಅದು ಜೀವಮಾನದ ಆಸೆ. ಕಡಲ ದಂಡೆಯಲ್ಲಿ ನನ್ನ ಜೊತೆ ಪುನುಗುಲು ಎಂಬ ಪುಟ್ಟ ಬೋಂಡಾ ತಿನ್ನುತ್ತಾ ಹೇಳಿದಳು, "ಇನ್ನೊಮ್ಮೆ ಅವರಿಗೆ ವರ್ಗ ಆದ್ರ ಅವರು ಹೋಗಲಿ. ವಾರಕ್ಕೊಮ್ಮೆ ಬಂದು ರೊಟ್ಟಿ ತಿಂದು ಹೋಗಲಿ. ನಾ ಇಲ್ಲೇ ಇರತೀನಿ. ನಂದೂ ಅಂತ ಒಂದು ಕುರ್ಚಿ ಬ್ಯಾಡೇನು ನನಗ?" ಹೇಮಕ್ಕ ತನಗಾಗಿ ಏನನ್ನಾದರೂ ಕೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಸಿಗಲೇಬೇಕು ಎಂದು ಅವಳಿಗಿಂತ ಹೆಚ್ಚಾಗಿ ನಾನು ಹಟ ಹಿಡಿದೆ.

ಕೆಲಸದ ಚೌಕಟ್ಟನ್ನು ಹೇಮಕ್ಕನೇ ಹಾಕಿದಳು. ಮೊದಲ ಸಾಧನಕ್ಕೆ ಬಲ್ಬು ಒತ್ತಿ ಸ್ಟಬ್‌ಗಳನ್ನು ಬರೆಸಿ, ಸೈರನ್ನಿನ ಭಾಗದ ಮೇಲೆ ILLA ಎಂದು ಗುರುತಿಟ್ಟಳು. ಸಾಧನ ಮಾಡಿದ ಕಂಪನಿಯಿಂದ ವಿವರ ಬಂದ ಮೇಲೆ ತುಂಬಬೇಕಾಗಿತ್ತು. ಅಷ್ಟರಲ್ಲಿ ಅವಳನ್ನು ಪರದೆಗಳ ಕೆಲಸಕ್ಕೆ ಹಾಕಿ, ಸಾಧನಗಳ ಭಾಗವನ್ನು ತೇಜನಿಗೆ ಕೊಟ್ಟರು. ತೇಜ ವಿಶಾಖಪಟ್ಟಣದವನೇ, ಚುರುಕು, ಹೇಮಕ್ಕನೆಂದರೆ ಗುರುವೆಂಬ ಭಾವನೆ. ಒಪ್ಪಿಸುವ ದಿನ ಹತ್ತಿರ ಬಂದಾಗ ಹೇಮಕ್ಕ ಅವನನ್ನು ಕೇಳಿದಳು, ILLA ಎಂದು ಇದ್ದ ಕಡೆಯೆಲ್ಲ ಮಾಡಿದೆಯಾ ಎಂದು. ಅವನು ಇಂಗ್ಲಿಷ್ ಅಕ್ಷರದಲ್ಲಿ ತೆಲುಗು ಬರೆದು ಕಳಿಸಿದ, "ಅನ್ನೀ ಇಲಾನೇ ಚೇಶಾನು ಮೇಡಂ." ಎಲ್ಲ ಇಲ್ಲಾಗಳನ್ನೂ ಮಾಡಿದೆ ಎಂದು ಹೇಮಕ್ಕ ಅರ್ಥ ಮಾಡಿಕೊಂಡಳು. ನನ್ನ ಪರೀಕ್ಷೆಯಲ್ಲೂ ಎಲ್ಲ ಹಸಿರು ಬಂತು. ಕಚೇರಿಯಲ್ಲಿ ನಿಜವಾದ ಸಾಧನ ಎಲ್ಲಿರುತ್ತದೆ, ಪ್ರೋಗ್ರಾಮನ್ನೇ ಕೇಳುತ್ತೇವೆ, ಅದು ಸರಿ ಅನ್ನುತ್ತದೆ.

ಸೋಮವಾರ ಶೆಡ್ಡಿನ ಪೂಜೆ, ಅಂದೇ ಒಪ್ಪಿಸುವುದು. ಹಿಂದಿನ ದಿನ ಭಾನುವಾರ ಮಧ್ಯಾಹ್ನ ಎಂ.ವಿ.ಪಿ. ಕಾಲೊನಿಯ ಹೇಮಕ್ಕನ ಮನೆಯಲ್ಲಿ ನನಗೆ ಊಟ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಜೊತೆಗೆ ಆಂಧ್ರದ ಗೋಂಗೂರ. ಊಟವಾದ ಮೇಲೆ ಹೇಮಕ್ಕ ಲ್ಯಾಪ್‌ಟಾಪ್ ತೆರೆದು, ಮೊದಲು ತಾನು ಹಾಕಿದ ಚೌಕಟ್ಟನ್ನು ನನಗೆ ತೋರಿಸುತ್ತಿದ್ದಳು. ಮಗಳು ಧನ್ಯಾ ಹಿಂದಿನಿಂದ ಬಂದು ಅಮ್ಮನ ಭುಜದ ಮೇಲೆ ಗಲ್ಲ ಊರಿದಳು. ಹತ್ತನೇ ಕ್ಲಾಸಿನ ಹುಡುಗಿ. ಬೆಳೆದದ್ದೆಲ್ಲ ವಿಜಯವಾಡ ಮತ್ತು ಇಲ್ಲಿ. ಅಮ್ಮ ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ ಕೊಡುವವಳು.

ಪರದೆ ನೋಡಿ ಕೇಳಿದಳು, "ಇಲಾ ಅಂಟೇ ಎಲಾ ಅಮ್ಮಾ?"

ಹೀಗೆ ಅಂದರೆ ಹೇಗಮ್ಮಾ ಎಂದು ಅದರ ಅರ್ಥ. ತೆಲುಗಿನಲ್ಲಿ ಇಲಾ ಅಂದರೆ ಹೀಗೆ, ಎಲಾ ಅಂದರೆ ಹೇಗೆ. ಅಷ್ಟು ತೆಲುಗು ನನಗೂ ಬರುತ್ತದೆ.

"ಏನು ಇಲಾ?" ಎಂದಳು ಹೇಮಕ್ಕ.

"ಇಲ್ಲಿ ಬರೆದಿದ್ದೀಯಲ್ಲ, ಇಲಾ, ಇಲಾ ಅಂತ. ಹೀಗೆ ಮಾಡಿ ಅಂತ ತೋರಿಸೋಕೆ ಅಲ್ವಾ?" ಎಂದು ತೆಲುಗಿನಲ್ಲೇ ಕೇಳಿದ ಧನ್ಯಾ ಬೆರಳಿಟ್ಟದ್ದು ILLA ಮೇಲೆ.

ಹೇಮಕ್ಕನ ಮುಖದ ಬಣ್ಣವೇ ಹೋಯಿತು. ಇಷ್ಟು ವರ್ಷ ಆಂಧ್ರದಲ್ಲಿದ್ದು ತೆಲುಗು ನೀರು ಕುಡಿದಂತೆ ಆಡುವವಳು, ಆದರೆ ತಾನು ಬರೆದ ಪದವನ್ನು ತೆಲುಗಿನವರ ಕಣ್ಣಿನಿಂದ ಒಮ್ಮೆಯೂ ಓದಿರಲಿಲ್ಲ. ಬಾಯಲ್ಲಿ ಇಲ್ಲ ಎಂದರೆ ಅರ್ಥವಾಗುವ ಸ್ವಂತ ಮಗಳೇ ಇಂಗ್ಲಿಷ್ ಅಕ್ಷರದಲ್ಲಿ ಕಂಡಾಗ ಇಲಾ ಎಂದು ಓದಿದಳು. ಹಾಗಿದ್ದರೆ ತೇಜ ಏನು ಓದಿರಬೇಕು? ಅನ್ನೀ ಇಲಾನೇ ಚೇಶಾನು. ಎಲ್ಲವನ್ನೂ ಹೀಗೆಯೇ ಮಾಡಿದೆ.

ಕೂಡಲೇ ಈಗಿನ ಪ್ರತಿಯನ್ನು ತೆರೆದಳು. ಒಂದೊಂದೇ ಸಾಧನ ನೋಡುತ್ತ ಹೋದೆವು. ಹೇಮಕ್ಕ ಮಾದರಿ ಬರೆದು ಹೀಗೆ ಮಾಡು ಎಂದಿದ್ದಾಳೆಂದು ತಿಳಿದ ತೇಜ, ಆ ಖಾಲಿ ಸ್ಟಬ್ಬನ್ನೇ ಭಕ್ತಿಯಿಂದ ಎಲ್ಲ ಸಾಧನಗಳಿಗೂ ನಕಲು ಮಾಡಿದ್ದ. ಕೆಲಸ ಮುಗಿಯಿತೆಂದು ILLA ಗುರುತನ್ನು ಚೊಕ್ಕಟವಾಗಿ ಅಳಿಸಿಯೂ ಇದ್ದ. ಆವಿ ಎಷ್ಟೇ ಏರಲಿ, ಸೈರನ್ ಕೂಗುವ ಜಾಗದಲ್ಲಿ ಒಂದೇ ಮಾತು, ಸರಿ.

"ಕೆಂಪು ಬಟ್ಟಿ ಬಿಚ್ಯಾರ, ಬ್ರೇಕ್ ಹಾಕಿಲ್ಲ" ಎಂದಳು ಹೇಮಕ್ಕ. ಧನ್ಯಾ ತಾನೇನೋ ತಪ್ಪು ಮಾಡಿದೆನೆಂದು ಹೆದರಿ ನಿಂತಿದ್ದಳು. ಹೇಮಕ್ಕ ಅವಳ ತಲೆ ಹಿಡಿದು ಹಣೆಗೆ ಮುತ್ತು ಕೊಟ್ಟಳು.

ದಕ್ಷಿಣಾಮೂರ್ತಿಯವರಿಗೆ ಫೋನ್ ಮಾಡಿದೆವು. ಅವರು ಪೂರ್ತಿ ಕೇಳಿದರು. ಕೇಳಿ, "ಪರವಾಲೇದಂಡಿ, ಪರವಾಗಿಲ್ಲ, ನಾಳೆ ಒಪ್ಪಿಸಿಬಿಡೋಣ. ಮುಂದಿನ ವಾರ ಇಲ್ಲಿಂದಲೇ ಸರಿಪಡಿಸಿ ಕಳಿಸಿದರಾಯಿತು. ಒಂದು ವಾರದಲ್ಲಿ ಏನಾಗುತ್ತದೆ?" ಎಂದರು. ಹೇಮಕ್ಕ ಏನೋ ಹೇಳಹೋದಳು. ಅವರು ಮೆತ್ತಗೆ, ಬೆದರಿಕೆಯ ದನಿಯಲ್ಲಲ್ಲ, "ನಿಮ್ಮ ಕಾಯಂ ಕಾಗದ ಸಹಿಗೆ ಹೋಗಿದೆ ಹೇಮಾಕ್ಷಿ ಗಾರು. ನಾಳೆ ನೀವು ಮಾತಾಡಬೇಡಿ, ನಾನು ನೋಡಿಕೊಳ್ಳುತ್ತೇನೆ" ಎಂದರು.

ಫೋನಿಟ್ಟ ಮೇಲೆ ದಿನಕರ ಒಂದೇ ಮಾತು ಹೇಳಿದರು, "ನಿನಗ ಹೆಂಗ ಸರಿ ಅನಸತೇತೋ ಹಂಗ ಮಾಡು." ಹೇಮಕ್ಕ ಎದ್ದು ಹೋಗಿ ರೊಟ್ಟಿ ಬಡಿದ ಹಲಗೆಯನ್ನು ತಿಕ್ಕತೊಡಗಿದಳು, ಅದು ಆಗಲೇ ಚೊಕ್ಕಟವಾಗಿತ್ತು. ನಾನು ಅಂದು ಮನೆಗೆ ಬಂದಾಗ ನಿಜ ಹೇಳಬೇಕೆಂದರೆ ನನ್ನ ಮನಸ್ಸೂ ಎರಡಾಗಿತ್ತು. ಒಂದು ವಾರ ತಾನೇ, ಬಾಯಿ ಮುಚ್ಚಿಕೊಂಡಿರಲಿ, ಕುರ್ಚಿ ಸಿಗಲಿ ಎಂದು ಒಂದು ಮನಸ್ಸು. ಒಳಗೆ ಕೆಲಸ ಮಾಡುವವರ ಮುಖ ನೆನೆದರೆ ನಾಚಿಕೆ.

ಸೋಮವಾರ ಬೆಳಿಗ್ಗೆ ಕಾರಿನಲ್ಲಿ ದಕ್ಷಿಣಾಮೂರ್ತಿಯವರು, ಹೇಮಕ್ಕ, ತೇಜ, ನಾನು ನಾಲ್ವರೂ ಹೊರಟೆವು. ಗಾಜುವಾಕ ದಾಟಿದ ಮೇಲೆ ಕಾರ್ಖಾನೆಯ ಬಸ್ಸುಗಳ ಸಾಲೇ ಸಾಲು. ತೇಜನಿಗೆ ವಿಷಯ ತಿಳಿದಿತ್ತು. ಅವನ ಕಣ್ಣುಗಳು ಊದಿಕೊಂಡಿದ್ದವು.

ಶೆಡ್ಡಿನ ಬಾಗಿಲಿಗೆ ಚೆಂಡುಹೂವಿನ ಮಾಲೆ, ಎರಡು ಕಡೆ ಬಾಳೆಕಂದು. ನೀಲಿ ಕೋಟು, ತಲೆಗೆ ಬಿಳಿ ಟೋಪಿ ಹಾಕಿಕೊಂಡ ಹೆಣ್ಣುಮಕ್ಕಳು ಒಳಗೆ ಹೋಗಲು ಸಾಲಾಗಿ ನಿಂತಿದ್ದರು. ಒಬ್ಬಳು ಮುಂದಿನವಳ ಟೋಪಿಯೊಳಗೆ ಜಡೆ ಸೇರಿಸುತ್ತಿದ್ದಳು. ಕಾಯಿ ಒಡೆದಾಯಿತು. ಸುರಕ್ಷತಾ ಅಧಿಕಾರಿ ಮಾಧವೀಲತಾ ನಮ್ಮ ಕಡೆ ಬಂದರು. ಎತ್ತರದ ಹೆಂಗಸು, ಗತ್ತಿನ ಮಾತು. ಅಲಾರಂ ಸಿದ್ಧವಾಗಿದೆಯೇ ಎಂದು ತೆಲುಗಿನಲ್ಲಿ ಕೇಳಿದರು.

"ಅಂತಾ ರೆಡೀ ಅಂಡಿ" ಎಂದರು ದಕ್ಷಿಣಾಮೂರ್ತಿಯವರು, ಎಲ್ಲ ಸಿದ್ಧ ಎಂದು. ಪರದೆಯೂ ಹಸಿರಾಗಿ ಹೂಂಗುಟ್ಟಿತು.

ಮಾಧವೀಲತಾ ಅಷ್ಟಕ್ಕೇ ಬಿಡಬಹುದಿತ್ತು. ಲ್ಯಾಪ್‌ಟಾಪ್ ಹಿಡಿದು ನಿಂತಿದ್ದ ಹೇಮಕ್ಕನ ಕಡೆ ತಿರುಗಿ, ಬರೆದವರು ನೀವಲ್ಲವೇ, ನೀವು ಹೇಳಿ ಎಂದರು.

ಹೇಮಕ್ಕ ಒಮ್ಮೆ ಆ ಸಾಲಿನ ಕಡೆ ನೋಡಿದಳು. ತೆಲುಗಿನಲ್ಲಿ ಲೇದು ಎನ್ನಬೇಕಾಗಿತ್ತು. ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದು ತಾಯಿಯ ಭಾಷೆಯೇ.

"ಇಲ್ಲ" ಎಂದಳು.

ಮಾಧವೀಲತಾ ಹುಬ್ಬು ಗಂಟಿಕ್ಕಿದರು. "ಇಲಾ? ಎಲಾ?"

ದಕ್ಷಿಣಾಮೂರ್ತಿಯವರು ನಕ್ಕು ಮುಂದೆ ಬಂದರು, ಏನೋ ಹೇಳಿ ಮುಚ್ಚಲು. ಹೇಮಕ್ಕ ಅವರನ್ನು ದಾಟಿ ಹೋಗಿ, ಮೇಜಿನ ಮೇಲಿದ್ದ ಪರೀಕ್ಷೆಯ ಅನಿಲದ ಪುಟ್ಟ ಡಬ್ಬಿಯನ್ನು ಎತ್ತಿಕೊಂಡಳು. ಗೋಡೆಯ ಸಾಧನಕ್ಕೆ ಅದನ್ನು ಹಿಡಿದು ಗುಂಡಿ ಒತ್ತಿದಳು. ಸಾಧನದ ಮೇಲಿನ ಸಣ್ಣ ದೀಪ ಕೆಂಪಗೆ ಮಿನುಗತೊಡಗಿತು. ಎಲ್ಲರೂ ಸೈರನ್ನಿಗಾಗಿ ಕಾದರು. ಹೊರಗೆ ಒಂದು ಕಾಗೆ ಕೂಗಿದ್ದು ಕೇಳಿಸಿತು, ಅಷ್ಟೇ. ನಮ್ಮ ಪರದೆ ಹಸಿರು ಹಸಿರಾಗಿ ಸರಿ ಎಂದು ತೋರಿಸುತ್ತಿತ್ತು.

"ಇಲಾ" ಎಂದಳು ಹೇಮಕ್ಕ, ಈ ಸಲ ತೆಲುಗಿನಲ್ಲಿ. ಹೀಗೆ.

ಮಾಧವೀಲತಾ ಬಾಗಿಲಿನ ಮಾಲೆಯ ಕೆಳಗೆ ಎರಡೂ ಕೈ ಅಡ್ಡ ಚಾಚಿ ನಿಂತು, ಸಾಲಿನಲ್ಲಿದ್ದವರನ್ನೆಲ್ಲ ಹಳೆಯ ಶೆಡ್ಡಿಗೆ ಹೋಗಲು ಹೇಳಿದರು. ತೇಜ ಮುಂದೆ ಬಂದು ತಪ್ಪು ತನ್ನದು, ತಾನು ತಪ್ಪಾಗಿ ಓದಿದೆ ಎಂದು ಶುರುಮಾಡಿದ. ಹೇಮಕ್ಕ ಅವನನ್ನು ಮುಗಿಸಲು ಬಿಡಲಿಲ್ಲ. ಗುರುತು ಕಟ್ಟಿದವಳು ನಾನು, ಅದು ಬೇರೆಯವರಿಗೆ ಹೇಗೆ ಕಾಣುತ್ತದೆಂದು ನಾನು ನೋಡಬೇಕಿತ್ತು ಎಂದಳು. ಎಷ್ಟು ಜನ ಹೀಗೆ ಹೇಳುತ್ತಾರೆ? ನಾನಂತೂ ಹೇಳುತ್ತಿರಲಿಲ್ಲ. ತೇಜನ ಕಡೆ ಬೆರಳು ತೋರಿಸಿ ಕೈ ತೊಳೆದುಕೊಳ್ಳುತ್ತಿದ್ದೆ.

ಅಲ್ಲಿಂದ ಮುಂದೆ ಹೇಮಕ್ಕನೂ ತೇಜನೂ ಅಕ್ಕಪಕ್ಕ ಕೂತು ಒಂದೊಂದೇ ಸ್ಟಬ್ ತುಂಬಿದರು. ತುಂಬಿದ್ದನ್ನು ಅವಳು ಅವನಿಂದ ಓದಿಸುತ್ತಿದ್ದಳು, ಅವನು ಬರೆದದ್ದನ್ನು ತಾನು ಓದುತ್ತಿದ್ದಳು. ಕಚೇರಿಯ ಅಚ್ಚನ್ನೂ ಬದಲಿಸಿದರು. ಆ ಬದಲಾವಣೆಗೆ ಒಪ್ಪಿಗೆ ಕೊಟ್ಟದ್ದು ದಕ್ಷಿಣಾಮೂರ್ತಿಯವರೇ, ಮುಖ ಹುಳಿ ಮಾಡಿಕೊಂಡಾದರೂ ಕೊಟ್ಟರು. ಈಗ ಯಾರು ಬಲ್ಬು ಒತ್ತಿದರೂ ಹುಟ್ಟುವ ಸ್ಟಬ್ ಸರಿ ಅನ್ನುವುದಿಲ್ಲ. ಓಡಿಸಿದರೆ ನಿಂತು ILLA, LEDU ಎಂದು ಎರಡು ಭಾಷೆಯಲ್ಲಿ ಕಿರುಚುತ್ತದೆ. ಎರಡನೆಯದನ್ನು ಸೇರಿಸಿದವನು ತೇಜ.

ಎರಡನೇ ಸಲ ಅಚ್ಯುತಾಪುರಕ್ಕೆ ಹೊರಟಾಗ ದಕ್ಷಿಣಾಮೂರ್ತಿಯವರು ಕಾರಿನ ಮುಂದಿನ ಸೀಟಿನಲ್ಲಿದ್ದರು. ಉಕ್ಕಿನ ಕಾರ್ಖಾನೆಯ ಹತ್ತಿರ, ಹಿಂದೆ ತಿರುಗದೆಯೇ, "ಕಾಯಂ ವಿಷಯ ಈಗ ಬೇಡ ಅಂದಿದ್ದಾರೆ ಹೇಮಾಕ್ಷಿ ಗಾರು. ಗಿರಾಕಿಯ ಮುಂದೆ ಹಾಗೆ ಮಾಡಿದ್ದು ಮೇಲಿನವರಿಗೆ ಸರಿಬರಲಿಲ್ಲ. ನಾನು ಹೇಳಿ ನೋಡಿದೆ. ಗುತ್ತಿಗೆ ಮುಂದುವರಿಯುತ್ತದೆ" ಎಂದರು. ಅವರ ದನಿ ಸಣ್ಣದಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದನ್ನು ಕಣ್ಣಾರೆ ಕಂಡೆ. ನನಗೆ ಕಾರಿನ ಬಾಗಿಲು ಒದ್ದು ಇಳಿದುಬಿಡಬೇಕೆನ್ನುವಷ್ಟು ಸಿಟ್ಟು ಬಂತು. ಹೇಮಕ್ಕ "ಸರೇನಂಡಿ" ಎಂದಳು, ಆಯಿತು ಬಿಡಿ ಎಂಬಂತೆ. ಆಮೇಲೆ ಕಿಟಕಿಯ ಹೊರಗೆ ನೋಡುತ್ತ ಕೂತಳು. ಅಚ್ಯುತಾಪುರ ಬರುವವರೆಗೂ ಈ ಕಡೆ ತಿರುಗಲಿಲ್ಲ.

ಶೆಡ್ಡಿನಲ್ಲಿ ಮಾಧವೀಲತಾ ಕಾಯುತ್ತಿದ್ದರು. ಈ ಸಲ ಬೇರೆ ಯಾರನ್ನೂ ಕೇಳದೆ ಡಬ್ಬಿಯನ್ನು ನೇರ ಹೇಮಕ್ಕನ ಕೈಗಿಟ್ಟರು. ಹೇಮಕ್ಕ ಅದನ್ನು ಸಾಧನಕ್ಕೆ ಹಿಡಿದಳು. ಕೆಂಪು ದೀಪ ಮಿನುಗಿತು, ಪರದೆ ಕೆಂಪಾಯಿತು, ಮರುಕ್ಷಣ ಸೈರನ್ ಕೂಗಿದ ಕೂಗಿಗೆ ನನ್ನ ಎದೆ ಧಸಕ್ಕೆಂದಿತು. ನೀಲಿ ಕೋಟಿನ ಹೆಣ್ಣುಮಕ್ಕಳು ಕಿವಿ ಮುಚ್ಚಿಕೊಂಡು, ಒಬ್ಬರನ್ನೊಬ್ಬರು ತಳ್ಳುತ್ತ, ನಗುತ್ತ ಹೊರಗೆ ಓಡಿ ಬಂದರು. ಒಬ್ಬಳು ವಯಸ್ಸಾದವಳು, ಸತ್ತವರನ್ನೂ ಎಬ್ಬಿಸುತ್ತದಲ್ಲೇ ಇದು ಎಂದು ಹೇಮಕ್ಕನ ಕೆನ್ನೆ ಮುಟ್ಟಿ ಹೋದಳು. ಹೇಮಕ್ಕ ನಗುತ್ತಿದ್ದಳು. ಕಣ್ಣಲ್ಲಿ ನೀರೂ ಇತ್ತು.

ಸೈರನ್ ನಿಲ್ಲುವ ಮೊದಲೇ ಅವಳ ಫೋನ್ ಬಂತು. ಧನ್ಯಾ. ಗದ್ದಲದಲ್ಲಿ ಕೇಳಿಸದೆ ಹೇಮಕ್ಕ ಸ್ಪೀಕರ್ ಹಾಕಿದಳು. ಅಮ್ಮಾ, ಕಾಯಂ ಆಯಿತಾ ಎಂದು ತೆಲುಗಿನಲ್ಲಿ ಕಿರುಚಿ ಕೇಳಿದಳು ಹುಡುಗಿ.

ಹೇಮಕ್ಕ ಫೋನನ್ನು ಬಾಯಿಯ ಹತ್ತಿರ ತಂದಳು. "ಇಲ್ಲ" ಎಂದಳು.

ಅಷ್ಟರಲ್ಲಿ ಸೈರನ್ ನಿಂತಿತು. ಎಲಾ ಎಂದು ಈಗ ಕೇಳುತ್ತಾಳೆ ಎಂದುಕೊಂಡೆ.

"ಇಲ್ಲ ಅಂದ್ರ ಇಲ್ಲ, ತಿಳೀತವಾ" ಎಂದಳು ಧನ್ಯಾ, ಪೂರ್ತಿ ಗದಗಿನ ಕನ್ನಡದಲ್ಲಿ. "ಸೈರನ್ ಒದರಿದ್ದು ನನಗ ಇಲ್ಲೀತನ ಕೇಳಸ್ತು. ಲಗೂನ ಮನಿಗೆ ಬಾ, ರೊಟ್ಟಿ ನಾ ಬಡೀತೀನಿ."